ವೈರಿಗೊಂದು ಬಳೆ: ಫೆರೈಟ್ ಕೋರ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ತಿಂಗಳು ಲ್ಯಾಪ್‌ಟಾಪ್ ಚಾರ್ಜರ್ ಬಗ್ಗೆ ಬರೆಯುವಾಗ, ಅದರ ವೈರಿನ ತುದಿಯಲ್ಲಿರುವ ಕಪ್ಪು ಗಂಟಿನ ಬಗ್ಗೆ ಒಂದೇ ಸಾಲು ಬರೆದಿದ್ದೆ. 'ಅದು ಫೆರೈಟ್ ಕೋರ್, ಗದ್ದಲ ತಡೆಯುತ್ತದೆ' ಅಂತ. ಗದ್ದಲ ಅಂದರೆ ರೇಡಿಯೊ ಮುಂತಾದವಕ್ಕೆ ಕಾಟ ಕೊಡುವ, ಬೇಡದ ವಿದ್ಯುತ್ ಅಲೆ. ಇಡೀ ಲೇಖನಕ್ಕಿಂತ ಆ ಒಂದು ಸಾಲಿಗೇ ಜಾಸ್ತಿ ಪತ್ರ ಬಂದಿವೆ. ಕೆಲವರು ಆಗಲೇ ಕೋರ್ ಕೊಂಡು ತಂದು ಹಾಕಿಯೂ ಆಗಿದೆ. ಕೆಲವರಿಗೆ ಕೆಲಸ ಮಾಡಿದೆ, ಕೆಲವರಿಗೆ ಮಾಡಿಲ್ಲ. ಮಾಡದೇ ಇದ್ದವರ ಪತ್ರಗಳೇ ನನಗೆ ಮುಖ್ಯ ಅನ್ನಿಸಿದವು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ.

ಪ್ರಶ್ನೆ: ಆ ಕಪ್ಪು ಗಂಟಿನೊಳಗೆ ಇರುವುದು ಅಯಸ್ಕಾಂತವೇ? ನಾನು ಒಂದು ಹಳೇ ವೈರ್ ಕತ್ತರಿಸಿ ನೋಡಿದೆ. ಒಳಗೆ ಕಲ್ಲಿನಂಥ ಒಂದು ಕೊಳವೆ ಇತ್ತು. ಗುಂಡುಪಿನ್ನು ಅದಕ್ಕೆ ಅಂಟಲೇ ಇಲ್ಲ. (ಪಿಯುಸಿ ವಿದ್ಯಾರ್ಥಿನಿ, ಮೈಸೂರು)

ಕತ್ತರಿಸಿ ನೋಡಿದ್ದು ಬಹಳ ಒಳ್ಳೆಯದು ಮಾಡಿದೆ ಕಣಮ್ಮಾ. ಅದು ಅಯಸ್ಕಾಂತ ಅಲ್ಲ, ಆದರೆ ಅಯಸ್ಕಾಂತ ಹತ್ತಿರ ಹಿಡಿದರೆ ಅದಕ್ಕೆ ಅಂಟುತ್ತದೆ. ಪರೀಕ್ಷೆ ಮಾಡಿ ನೋಡು. ತಾನಾಗಿ ಪಿನ್ನು ಎಳೆಯುವುದಿಲ್ಲ, ಅಷ್ಟೇ.

ಕಬ್ಬಿಣದ ಆಕ್ಸೈಡ್ ಪುಡಿಗೆ ಮ್ಯಾಂಗನೀಸ್ ಮತ್ತು ಸತು, ಅಥವಾ ನಿಕ್ಕಲ್ ಮತ್ತು ಸತು, ಇವುಗಳ ಆಕ್ಸೈಡ್ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಸುಡುತ್ತಾರೆ. ಮಡಕೆ ಸುಟ್ಟ ಹಾಗೆಯೇ. ಅದಕ್ಕೇ ಅದು ಕಲ್ಲಿನಂತೆ ಇರುತ್ತದೆ, ಕೆಳಗೆ ಬಿದ್ದರೆ ಪಿಂಗಾಣಿ ಬಟ್ಟಲಿನ ಹಾಗೆ ಒಡೆಯುತ್ತದೆ. 1930ರಲ್ಲಿ ಜಪಾನಿನ ಟೋಕಿಯೊದಲ್ಲಿ ಯೊಗೊರೊ ಕಾಟೊ ಮತ್ತು ತಾಕೆಶಿ ತಾಕೆಯಿ ಇದನ್ನು ಕಂಡುಹಿಡಿದರು. ಅದನ್ನು ತಯಾರಿಸಿ ಮಾರುವುದಕ್ಕೆಂದೇ 1935ರಲ್ಲಿ ಒಂದು ಕಂಪನಿ ಶುರುವಾಯಿತು, ಅದೇ ಇವತ್ತಿನ ಟಿಡಿಕೆ. ನಿಮ್ಮ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರು ಮಾಡಿದ್ದೂ ಅದೇ 1935ರಲ್ಲಿ. ಆ ನಿಲಯಕ್ಕೇ 'ಆಕಾಶವಾಣಿ' ಅನ್ನುವ ಹೆಸರು ಬಂತು. ರೇಡಿಯೊ ಮತ್ತು ಫೆರೈಟ್ ಸಂಬಂಧ ಮುಂದಿನ ಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ, ಅದಕ್ಕೇ ಈ ಮಾತು.

ಈಗ ಕೆಲಸ ಹೇಗೆ ಅನ್ನುವುದು. ಚಾರ್ಜರ್, ಎಲ್‌ಇಡಿ ಬಲ್ಬು, ಟಿವಿ, ಎಲ್ಲದರ ಒಳಗೂ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಮಾಡುವ ಸರ್ಕಿಟ್ ಇರುತ್ತದೆ. ಆ ಕಡಿತದಿಂದ ಹುಟ್ಟುವ ಗದ್ದಲ ವೈರಿನ ಮೇಲೆ ಹರಿಯುತ್ತದೆ. ಹರಿದರೆ ಆ ವೈರೇ ಒಂದು ಆಂಟೆನಾ ಆಗಿಬಿಡುತ್ತದೆ. ವೈರಿನಲ್ಲಿ ಎರಡು ತಂತಿ ಇವೆಯಲ್ಲ, ಸರಿಯಾದ ಕರೆಂಟು ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸ್ ಬರುತ್ತದೆ. ತಕ್ಕಡಿಯ ಎರಡೂ ತಟ್ಟೆಯಲ್ಲಿ ಒಂದೇ ತೂಕ ಇಟ್ಟಂತೆ. ಅವುಗಳ ಕಾಂತಕ್ಷೇತ್ರ ಒಂದನ್ನೊಂದು ಕಳೆದುಕೊಳ್ಳುತ್ತದೆ, ಕೋರ್‌ಗೆ ಅದು ಕಾಣುವುದೇ ಇಲ್ಲ. ಗದ್ದಲ ಹಾಗಲ್ಲ, ಅದು ಎರಡೂ ತಂತಿಯಲ್ಲಿ ಒಂದೇ ದಿಕ್ಕಿಗೆ ಓಡುತ್ತದೆ. ತಕ್ಕಡಿ ವಾಲುತ್ತದೆ. ಆಗ ಕೋರ್ ಅಡ್ಡ ನಿಲ್ಲುತ್ತದೆ. ಕಡಿಮೆ ಫ್ರೀಕ್ವೆನ್ಸಿಯಲ್ಲಿ ಅದು ಸಾಮಾನ್ಯ ಕಾಯಿಲ್ ಥರ ತಡೆಯುತ್ತದೆ, ಜಾಸ್ತಿ ಫ್ರೀಕ್ವೆನ್ಸಿಯಲ್ಲಿ ಗದ್ದಲವನ್ನು ತಾನೇ ನುಂಗಿ ಶಾಖ ಮಾಡುತ್ತದೆ. ಚಾರ್ಜರಿನಂಥ ಸಣ್ಣ ವೈರುಗಳಲ್ಲಿ ಆ ಶಾಖ ಕೈಗೆ ಗೊತ್ತಾಗುವಷ್ಟು ಇರುವುದಿಲ್ಲ.

ಪ್ರಶ್ನೆ: ಟ್ಯಾಕ್ಸಿ ಓಡಿಸುತ್ತೇನೆ. ಮುಂದಿನ ಗಾಜಿಗೆ ಡ್ಯಾಶ್‌ಕ್ಯಾಮ್ ಹಾಕಿಸಿದ ದಿನದಿಂದ ಎಫ್‌ಎಂ ಸರಿಯಾಗಿ ಬರುತ್ತಿಲ್ಲ. ಹತ್ತಿರದ ಸ್ಟೇಷನ್ ಬರುತ್ತದೆ, ಊರು ಸ್ವಲ್ಪ ದಾಟಿದರೆ ಬರೀ ಸುಯ್ ಅಂತ ಸದ್ದು. ಕ್ಯಾಮೆರಾ ಕೆಟ್ಟಿದೆಯಾ, ರೇಡಿಯೊ ಕೆಟ್ಟಿದೆಯಾ? (ಓದುಗರೊಬ್ಬರು, ಹುಬ್ಬಳ್ಳಿ)

ಎರಡೂ ಕೆಟ್ಟಿಲ್ಲ ಸರ್. ನನ್ನ ಕಾರಿನಲ್ಲೂ ಇದೇ ಆಗಿತ್ತು. ಬೆಂಗಳೂರಿನಿಂದ ಮೈಸೂರಿಗೆ ಹೋಗುವಾಗ ಮೊದಲೆಲ್ಲ ರಾಮನಗರ ದಾಟಿದರೂ ಬರುತ್ತಿದ್ದ ಸ್ಟೇಷನ್, ಕ್ಯಾಮೆರಾ ಹಾಕಿದ ಮೇಲೆ ಕೆಂಗೇರಿಯಲ್ಲೇ ಕೈಕೊಡುತ್ತಿತ್ತು. ಮೂರು ವಾರ ರೇಡಿಯೊವನ್ನೇ ಅನುಮಾನಿಸಿದ್ದೆ.

ಮೊದಲು ಖಾತ್ರಿ ಮಾಡಿಕೊಳ್ಳಿ. ಊರ ಹೊರಗೆ ಗಾಡಿ ನಿಲ್ಲಿಸಿ, ಸ್ವಲ್ಪ ವೀಕಾಗಿ ಬರುವ ಸ್ಟೇಷನ್ ಹಾಕಿ. ಜೋರಾಗಿ ಬರುವ ಸ್ಟೇಷನ್ ಬೇಡ, ಅದರಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಈಗ ಕ್ಯಾಮೆರಾದ ಪ್ಲಗ್ಗನ್ನು ಸಿಗರೇಟ್ ಲೈಟರ್ ಸಾಕೆಟ್ಟಿನಿಂದ ಕೀಳಿ. ಸದ್ದು ನಿಂತರೆ ಕಳ್ಳ ಸಿಕ್ಕಿದ. ಆಮೇಲೆ ಪ್ಲಗ್ಗನ್ನು ಮತ್ತೆ ಹಾಕಿ, ಕ್ಯಾಮೆರಾ ಕಡೆಯ ತುದಿ ಮಾತ್ರ ಬಿಚ್ಚಿ ನೋಡಿ. ಆಗಲೂ ಸದ್ದು ಇದ್ದರೆ 12 ವೋಲ್ಟನ್ನು 5 ವೋಲ್ಟ್ ಮಾಡುವ ಆ ಪ್ಲಗ್ಗೇ ಮುಖ್ಯ ಅಪರಾಧಿ. ಇಲ್ಲದಿದ್ದರೆ ಕ್ಯಾಮೆರಾ.

ಈ ಕೇಸಿನಲ್ಲಿ ಫೆರೈಟ್ ಚೆನ್ನಾಗಿ ಕೆಲಸ ಮಾಡುತ್ತದೆ. ಕಾರಣ ಇದೆ. ಎಫ್‌ಎಂ 88ರಿಂದ 108 ಮೆಗಾಹರ್ಟ್ಸ್, ಅಂಗಡಿಯಲ್ಲಿ ಸಿಗುವ ಮಾಮೂಲಿ ಕ್ಲಿಪ್ ಕೋರ್ (ಎರಡು ಹೋಳಾಗಿ ತೆರೆದು ವೈರಿನ ಮೇಲೆ ಮುಚ್ಚುವಂಥದ್ದು) ಚೆನ್ನಾಗಿ ತಡೆಯುವುದೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ. 100 ಮೆಗಾಹರ್ಟ್ಸ್ ಅಲೆಯ ಉದ್ದ 3 ಮೀಟರ್, ಅದರ ಕಾಲು ಭಾಗ 75 ಸೆಂಟಿಮೀಟರ್. ಅಷ್ಟುದ್ದದ ತಂತಿ ಒಳ್ಳೆಯ ಆಂಟೆನಾ. ಡ್ಯಾಶ್‌ಕ್ಯಾಮ್ ವೈರು ಗಾಜಿನ ಅಂಚಿನಲ್ಲಿ ಅದಕ್ಕಿಂತ ಜಾಸ್ತಿ ದೂರ ಓಡುತ್ತದೆ, ಅಲ್ವಾ?

ಹಾಕುವ ಜಾಗ ಬಹಳ ಮುಖ್ಯ. ಗದ್ದಲ ಎಲ್ಲಿ ಹುಟ್ಟುತ್ತದೋ ಅದಕ್ಕೆ ಅಂಟಿದ ಹಾಗೇ ಹಾಕಿ. ಕ್ಯಾಮೆರಾದಿಂದ ಎರಡು ಬೆರಳು ದೂರದಲ್ಲಿ ಒಂದು, ಪ್ಲಗ್ ಹತ್ತಿರ ಒಂದು. ವೈರಿನ ಮಧ್ಯದಲ್ಲಿ ಹಾಕಿದರೆ ಕೋರ್‌ವರೆಗಿನ ತುಂಡು ಆಂಟೆನಾ ಆಗಿಯೇ ಉಳಿಯುತ್ತದೆ. ಮತ್ತೆ, ಕೋರ್‌ನ ತೂತು ಸ್ವಲ್ಪ ದೊಡ್ಡದಿದ್ದರೆ ವೈರನ್ನು ಸುಮ್ನೆ ಒಂದು ಸಲ ತೂರಿಸಿ ಬಿಡಬೇಡಿ. ಸುತ್ತಿ ಎರಡು ಸಲ, ಆದರೆ ಮೂರು ಸಲ ತೂರಿಸಿ. ತಡೆ ಸುತ್ತಿನ ಲೆಕ್ಕದಲ್ಲಿ ಏರುವುದಿಲ್ಲ, ಸುತ್ತಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಎರಡು ಸುತ್ತಿಗೆ ನಾಲ್ಕು ಪಟ್ಟು, ಮೂರಕ್ಕೆ ಒಂಬತ್ತು ಪಟ್ಟು. ಒಂದು ಸಲ ತೂರಿಸಿದರೆ ಅದೇ ಒಂದು ಸುತ್ತು, ನೆನಪಿರಲಿ. ಎಫ್‌ಎಂಗೆ ಮೂರಕ್ಕಿಂತ ಜಾಸ್ತಿ ಬೇಡ. ಸುತ್ತುಗಳು ಒತ್ತೊತ್ತಾಗಿ ಕೂತರೆ ಪಕ್ಕದ ಸುತ್ತಿಗೆ ಗದ್ದಲ ಹಾರಿಕೊಂಡು ಹೋಗುತ್ತದೆ, ಆಗ ಸುತ್ತಿದ್ದೂ ದಂಡ. ಕೊನೆಯದು, ಕ್ಲಿಪ್ಪಿನ ಎರಡು ಹೋಳು ಟಕ್ ಅಂತ ಪೂರ್ತಿ ಮುಚ್ಚಬೇಕು. ದಪ್ಪ ವೈರ್ ತುರುಕಿ ಕೂದಲೆಳೆಯಷ್ಟು ಸಂದು ಉಳಿದರೂ ಕೋರ್‌ನ ಶಕ್ತಿ ಬಹಳ ಇಳಿದುಹೋಗುತ್ತದೆ.

ನನ್ನ ಕಾರಿನಲ್ಲಿ ಎರಡು ಕೋರ್, ಎರಡೆರಡು ಸುತ್ತು. ಈಗ ರಾಮನಗರ ದಾಟಿದರೂ ಹಾಡು ಕೇಳುತ್ತದೆ.

ಪ್ರಶ್ನೆ: ಅವ್ವನಿಗೆ 78 ವರ್ಷ. ದಿನಾ ಧಾರವಾಡ ಆಕಾಶವಾಣಿ ಕೇಳುತ್ತಾಳೆ. ಮನೆಯ ಬಲ್ಬುಗಳನ್ನೆಲ್ಲ ಎಲ್‌ಇಡಿ ಮಾಡಿಸಿದ ಮೇಲೆ ಸಂಜೆ ಲೈಟ್ ಹಾಕಿದ ಕೂಡಲೇ ರೇಡಿಯೊದಲ್ಲಿ ಗರ್ ಅಂತ ಶುರುವಾಗುತ್ತದೆ. ನಿಮ್ಮ ಸಾಲು ಓದಿ ಎರಡು ಕ್ಲಿಪ್ ಕೋರ್ ತರಿಸಿ ರೇಡಿಯೊ ವೈರಿಗೆ ಹಾಕಿದೆ. ಏನೂ ವ್ಯತ್ಯಾಸ ಇಲ್ಲ. ಅವ್ವ ಈಗ ಕತ್ತಲಲ್ಲೇ ಕೂತು ರೇಡಿಯೊ ಕೇಳುತ್ತಾಳೆ. (ಓದುಗರೊಬ್ಬರು, ರಾಣೆಬೆನ್ನೂರು)

ನಿಮ್ಮ ಪತ್ರದ ಕೊನೆಯ ಸಾಲು ಓದಿ ಬಹಳ ಬೇಜಾರಾಯಿತು. ಎಂಬತ್ತರ ಹತ್ತಿರದ ತಾಯಿ ಬೆಳಕು ಬೇಕೋ ಹಾಡು ಬೇಕೋ ಅಂತ ಆರಿಸಿಕೊಳ್ಳಬೇಕಾಗಿ ಬರಬಾರದು. ನನ್ನ ಒಂದು ಸಾಲು ನಿಮ್ಮ ದುಡ್ಡು ಖರ್ಚು ಮಾಡಿಸಿತು, ಅದಕ್ಕಾಗಿ ಈ ಉತ್ತರ ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ಕೋರ್ ಯಾಕೆ ಕೆಲಸ ಮಾಡಲಿಲ್ಲ? ಧಾರವಾಡ ಇರುವುದು 765 ಕಿಲೋಹರ್ಟ್ಸ್‌ನಲ್ಲಿ. ಎಫ್‌ಎಂಗೆ ಹೋಲಿಸಿದರೆ ನೂರು ಪಟ್ಟಿಗೂ ಜಾಸ್ತಿ ಕೆಳಗೆ. 100 ಮೆಗಾಹರ್ಟ್ಸ್‌ನಲ್ಲಿ ನೂರು ಇನ್ನೂರು ಓಮ್ ತಡೆ ಕೊಡುವ ಸಣ್ಣ ಕ್ಲಿಪ್ ಕೋರ್, ಒಂದೇ ಸುತ್ತಿನಲ್ಲಿ, 765 ಕಿಲೋಹರ್ಟ್ಸ್‌ನಲ್ಲಿ ಕೊಡುವುದು ಕೆಲವೇ ಓಮ್. ಗದ್ದಲದ ದಾರಿಯಲ್ಲಿ ಆಗಲೇ ನೂರಾರು ಓಮ್ ಇರುವಾಗ ಇನ್ನೊಂದು ಐದು ಓಮ್ ಸೇರಿಸಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ದಾರಿಯಲ್ಲಿ 150 ಓಮ್ ಇದ್ದರೆ ಇನ್ನೂ 150 ಸೇರಿಸಿದಾಗ ಗದ್ದಲ ಅರ್ಧ ಆಗುತ್ತದೆ, ಆ ಲೆಕ್ಕದ ಮಾತು.

ಇನ್ನೊಂದು ವಿಷಯ. ಗದ್ದಲ ನಿಮ್ಮ ರೇಡಿಯೊಗೆ ಬರುತ್ತಿರುವುದು ಅದರ ವೈರಿನಿಂದ ಮಾತ್ರ ಅಂತ ಹೇಳಲಾಗದು. ಬಲ್ಬಿನ ಗದ್ದಲ ಗೋಡೆಯೊಳಗಿನ ವೈರಿಂಗಿಗೆ ಇಳಿದು, ಇಡೀ ಮನೆಯ ವೈರಿಂಗೇ ಆಂಟೆನಾ ಆಗಿದೆ. ರೇಡಿಯೊದೊಳಗೆ ಒಂದು ಕಪ್ಪು ಕಡ್ಡಿ ಇರುತ್ತದೆ, ಮೇಲೆ ತೆಳು ತಂತಿ ಸುತ್ತಿರುತ್ತದೆ. ಮೀಡಿಯಂ ವೇವ್ ಆಂಟೆನಾ ಅದೇ. ಅದೂ ಫೆರೈಟೇ! ಆ ಕಡ್ಡಿ ಗಾಳಿಯಿಂದಲೇ ಗದ್ದಲವನ್ನು ಹಿಡಿಯುತ್ತದೆ. ವೈರಿಗೆ ಹತ್ತು ಕೋರ್ ಹಾಕಿದರೂ ಅದನ್ನು ತಡೆಯಲಾಗದು. ಬಲ್ಬೋ ಹೋಲ್ಡರಿನಲ್ಲಿ ಕೂತಿದೆ, ಕೋರ್ ಹಾಕಲು ಅಲ್ಲಿ ವೈರೇ ಹೊರಗಿಲ್ಲ.

ಹಾಗಾದರೆ ಏನು ಮಾಡುವುದು? ಇವತ್ತು ಸಂಜೆ ಹೀಗೆ ಮಾಡಿ. ರೇಡಿಯೊಗೆ ಸೆಲ್ ಹಾಕಿ, ಪ್ಲಗ್ ಕಿತ್ತಿಡಿ. ಧಾರವಾಡ ಹಾಕಿ. ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಗದ್ದಲ ಪೂರ್ತಿ ನಿಂತರೆ ಮೂಲ ನಿಮ್ಮ ಮನೆಯೊಳಗೇ ಇದೆ. ನಿಲ್ಲದಿದ್ದರೆ ಪಕ್ಕದ ಮನೆ, ಬೀದಿ ದೀಪ, ಇಲ್ಲವೇ ಕಂಬದ ಮೇಲೆ ಎಲ್ಲೋ ಕಿಡಿ ಹಾರುತ್ತಿರಬಹುದು. ಕಂಬದ ಹತ್ತಿರ ಹೋದಷ್ಟೂ ಜೋರಾದರೆ ಲೈನ್‌ಮನ್‌ಗೆ ಹೇಳಿ, ಅದು ಬರೀ ರೇಡಿಯೊ ವಿಷಯ ಅಲ್ಲ, ಕೆಟ್ಟ ಜಾಯಿಂಟಿನ ಗುರುತೂ ಇರಬಹುದು.

ಮನೆಯೊಳಗೇ ಇದ್ದರೆ ಮೇನ್ ಹಾಕಿ, ಎಲ್ಲ ಲೈಟ್ ಆರಿಸಿ, ಒಂದೊಂದೇ ಹಚ್ಚುತ್ತಾ ಕೇಳಿ. ಎಷ್ಟೋ ಮನೆಗಳಲ್ಲಿ ನಾನು ನೋಡಿದ ಹಾಗೆ ಹತ್ತು ಬಲ್ಬಿನಲ್ಲಿ ಒಂದೋ ಎರಡೋ ಮಾತ್ರ ಇಷ್ಟು ಗದ್ದಲ ಮಾಡುತ್ತವೆ. ಒಳ್ಳೆಯ ಬಲ್ಬಿನ ಒಳಗೇ ಗದ್ದಲ ತಡೆಯುವ ಸಣ್ಣ ಕಾಯಿಲ್ ಮತ್ತು ಕೆಪಾಸಿಟರ್ ಇರುತ್ತವೆ. ಅಗ್ಗದ ಬಲ್ಬಿನಲ್ಲಿ ಅವನ್ನೇ ಮೊದಲು ಬಿಟ್ಟುಬಿಡುತ್ತಾರೆ, ಯಾಕೆಂದರೆ ಅವಿಲ್ಲದಿದ್ದರೂ ಬೆಳಕು ಬರುತ್ತದೆ. ಆ ಒಂದೆರಡು ಬಲ್ಬು ಬದಲಿಸಿ. ಬದಲಿಸುವ ಮುಂಚೆ ಹೊಸ ಬಲ್ಬನ್ನು ಅಂಗಡಿಯಲ್ಲೇ ಹಚ್ಚಿಸಿ, ಪಕ್ಕದಲ್ಲಿ ಸಣ್ಣ ರೇಡಿಯೊ ಹಿಡಿದು ಕೇಳಿ. ಅಂಗಡಿಯವರು ಮೊದಲು ವಿಚಿತ್ರವಾಗಿ ನೋಡುತ್ತಾರೆ, ಆಮೇಲೆ ಅವರೂ ಕೇಳುತ್ತಾರೆ.

ಅವ್ವನ ರೇಡಿಯೊ ಇಡುವ ಜಾಗವನ್ನೂ ಬದಲಿಸಿ. ಸ್ವಿಚ್ ಬೋರ್ಡು ಮತ್ತು ವೈರಿಂಗ್ ಪೈಪು ಇರುವ ಗೋಡೆಯಿಂದ ಒಂದೆರಡು ಮೀಟರ್ ದೂರ ತಂದರೂ ಬಹಳ ವ್ಯತ್ಯಾಸ ಆಗುತ್ತದೆ. ಆಮೇಲೆ ರೇಡಿಯೊವನ್ನು ಮೆಲ್ಲಗೆ ತಿರುಗಿಸಿ. ಫೆರೈಟ್ ಕಡ್ಡಿ ತನ್ನ ತುದಿಯ ದಿಕ್ಕಿನಿಂದ ಬರುವುದನ್ನು ಬಹಳ ಕಡಿಮೆ ಹಿಡಿಯುತ್ತದೆ, ಪಕ್ಕದಿಂದ ಬರುವುದನ್ನು ಜಾಸ್ತಿ ಹಿಡಿಯುತ್ತದೆ. ನಿಮ್ಮಲ್ಲಿಂದ ಧಾರವಾಡ ನೂರು ಕಿಲೋಮೀಟರಿಗೂ ಜಾಸ್ತಿ ದೂರ, ಆದರೂ ಸ್ಟೇಷನ್ ಜೋರಾಗಿ, ಗದ್ದಲ ಕಡಿಮೆಯಾಗಿ ಕೇಳುವ ಒಂದು ಕೋನ ಸಿಕ್ಕೇ ಸಿಗುತ್ತದೆ. ಅಲ್ಲಿ ಮೇಜಿನ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿಕೊಡಿ.

ಸೆಲ್ ಹಾಕಿದಾಗ ಚೆನ್ನಾಗಿದ್ದು, ಪ್ಲಗ್ ಹಾಕಿದಾಗ ಮಾತ್ರ ಗದ್ದಲ ಬಂದರೆ ಆಗ ಫೆರೈಟ್‌ಗೆ ಕೆಲಸ ಇದೆ. ಸಣ್ಣ ಕ್ಲಿಪ್ ಬೇಡ. ದೊಡ್ಡ ಬಳೆಯಂಥ ಕೋರ್, ಮ್ಯಾಂಗನೀಸ್-ಸತು ಜಾತಿಯದ್ದು ಕೇಳಿ ತನ್ನಿ. ಅದರ ಮೇಲೆ ರೇಡಿಯೊದ ಇಡೀ ವೈರನ್ನು ಹತ್ತು ಹನ್ನೆರಡು ಸುತ್ತು ಸುತ್ತಿ. ಹತ್ತು ಸುತ್ತು ಅಂದರೆ ನೂರು ಪಟ್ಟು. ಕೆಳಗಿನ ಫ್ರೀಕ್ವೆನ್ಸಿಗೆ ಅಷ್ಟು ಬೇಕೇ ಬೇಕು.

ನಿಮ್ಮ ಎರಡು ಕ್ಲಿಪ್ ಕೋರ್ ದಂಡ ಆಗಲಿಲ್ಲ. ತೆಗೆದಿಡಿ, ಎಫ್‌ಎಂ ಅಥವಾ ಟಿವಿಗೆ ತೊಂದರೆ ಬಂದಾಗ ಉಪಯೋಗಕ್ಕೆ ಬರುತ್ತವೆ. ಅವ್ವನಿಗೆ ನನ್ನ ನಮಸ್ಕಾರ ತಿಳಿಸಿ. ಏನಾಯಿತು ಅಂತ ದಯವಿಟ್ಟು ಬರೆಯಿರಿ.

ಪ್ರಶ್ನೆ: ನಾನು ಎಲೆಕ್ಟ್ರಿಷಿಯನ್. ಕರೆಂಟು ಬರುವುದು ಫೇಸಿನಲ್ಲಿ. ಹಾಗಾದರೆ ಫೇಸ್ ವೈರ್ ಒಂದನ್ನೇ ಕೋರ್‌ನಲ್ಲಿ ಸುತ್ತಿದರೆ ಸಾಲದೇ? (ಓದುಗರೊಬ್ಬರು, ತುಮಕೂರು)

ಬೇಡ. ನಿಮ್ಮ ಹತ್ತಿರ ಕ್ಲಾಂಪ್ ಮೀಟರ್ ಇರುತ್ತದೆ, ಅದರಲ್ಲೇ ಉತ್ತರ ಇದೆ. ಕ್ಲಾಂಪನ್ನು ಫೇಸ್ ಒಂದಕ್ಕೇ ಹಾಕಿದರೆ ಆಂಪಿಯರ್ ತೋರಿಸುತ್ತದೆ. ಫೇಸ್ ಮತ್ತು ನ್ಯೂಟ್ರಲ್ ಎರಡಕ್ಕೂ ಸೇರಿಸಿ ಹಾಕಿದರೆ ಸೊನ್ನೆ. ಕ್ಲಾಂಪಿನ ದವಡೆ ಏನು ನೋಡುತ್ತದೋ ಫೆರೈಟ್ ಕೋರ್ ಕೂಡ ಅದನ್ನೇ ನೋಡುತ್ತದೆ. ಫೇಸ್ ಒಂದನ್ನೇ ತೂರಿಸಿದರೆ ಲೋಡಿನ ಪೂರ್ತಿ ಕರೆಂಟು ಕೋರ್ ಮೇಲೆ ಬೀಳುತ್ತದೆ. ಒಂದು ಎಚ್‌ಪಿ ಮೋಟರಿನ ವೈರನ್ನು ಹಾಗೆ ಐದಾರು ಸುತ್ತು ಸುತ್ತಿದರಂತೂ ಕೋರ್ ಕಾಂತಕ್ಷೇತ್ರದಿಂದ ತುಂಬಿಹೋಗುತ್ತದೆ, ಗದ್ದಲ ತಡೆಯಲು ಅದರಲ್ಲಿ ಜಾಗವೇ ಉಳಿಯುವುದಿಲ್ಲ. ಎಲ್ಲ ತಂತಿಯನ್ನೂ ಸೇರಿಸಿ, ಅಂದರೆ ವೈರನ್ನು ಇದ್ದ ಹಾಗೇ ತೂರಿಸಿ. ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್) ಒಳಗೂ ಹೀಗೇ, ಫೇಸು ನ್ಯೂಟ್ರಲ್ಲು ಎರಡೂ ಒಂದೇ ಬಳೆಯಲ್ಲಿ ಹಾದುಹೋಗುತ್ತವೆ, ಲೆಕ್ಕ ತಪ್ಪಿದರೆ ಟ್ರಿಪ್ ಆಗುತ್ತದೆ.

ಮೋಟರಿನ ವೇಗ ಬದಲಿಸುವ ವಿಎಫ್‌ಡಿ ಡ್ರೈವಿಗೆ ಕೋರ್ ಹೇಗೆ ಹಾಕುವುದು ಅಂತಲೂ ಪತ್ರದಲ್ಲಿ ಕೇಳಿದ್ದೀರಿ. ಡ್ರೈವಿನಿಂದ ಮೋಟರಿಗೆ ಹೋಗುವ ಮೂರೂ ಫೇಸನ್ನು ಒಟ್ಟಿಗೆ ಕೋರ್‌ನಲ್ಲಿ ತೂರಿಸಿ, ಅರ್ತ್ ತಂತಿ ಮಾತ್ರ ಹೊರಗೆ ಇರಲಿ. ಕೋರ್ ಡ್ರೈವಿಗೆ ಹತ್ತಿರ ಇರಬೇಕು. ಒಂದು ಗಂಟೆ ಓಡಿಸಿ, ಪವರ್ ಆಫ್ ಮಾಡಿ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಕೋರ್ ಸಾಲದು, ಇನ್ನೂ ದೊಡ್ಡದು ಬೇಕು.

ಪ್ರಶ್ನೆ: ಹ್ಯಾಮ್ ರೇಡಿಯೊ ಹವ್ಯಾಸಿ. ಪಕ್ಕದ ಮನೆಯವರು ತಾರಸಿ ಮೇಲೆ ಸೋಲಾರ್ ಹಾಕಿಸಿದ್ದಾರೆ. ಅಂದಿನಿಂದ ಹಗಲಲ್ಲಿ 7 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಏನೂ ಕೇಳುವುದಿಲ್ಲ, ಸೂರ್ಯ ಮುಳುಗಿದರೆ ಸರಿಹೋಗುತ್ತದೆ. ಅವರು ಒಳ್ಳೆಯವರು, ಏನು ಬೇಕಾದರೂ ಮಾಡಿ ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ? (ಓದುಗರೊಬ್ಬರು, ಬೆಂಗಳೂರು)

ಅಂಥ ನೆರೆಯವರು ಸಿಕ್ಕಿರುವುದೇ ಅರ್ಧ ಕೆಲಸ ಮುಗಿದ ಹಾಗೆ. ಆದರೂ ನಿಮ್ಮ ಕಡೆಯಿಂದ ಶುರು ಮಾಡಿ, ಅಲ್ಲಿ ಯಾರ ಅನುಮತಿಯೂ ಬೇಡ.

ನಿಮ್ಮ ಆಂಟೆನಾದಿಂದ ಇಳಿಯುವ ಕೋಆಕ್ಸ್ ಕೇಬಲ್ಲಿನ ಹೊರಗಿನ ಹೆಣಿಗೆ ಇದೆಯಲ್ಲ, ಅದರ ಹೊರಮೈ ಗದ್ದಲವನ್ನು ಎತ್ತಿಕೊಂಡು ಮೇಲೆ ಆಂಟೆನಾವರೆಗೆ ಒಯ್ದು, ಅಲ್ಲಿಂದ ಒಳಗೆ ಇಳಿಸುತ್ತದೆ. ಫೆರೈಟ್ ಮಿಶ್ರಣಗಳಿಗೆ ನಂಬರ್ ಇರುತ್ತದೆ. 31ನೇ ನಂಬರಿನ ಮಿಶ್ರಣದ, 2.4 ಇಂಚು ಅಗಲದ ಬಳೆ ತನ್ನಿ. ಅದರಲ್ಲಿ ಸಣ್ಣ ಕೋಆಕ್ಸನ್ನು ಹನ್ನೊಂದು ಹನ್ನೆರಡು ಸುತ್ತು ಸುತ್ತಿ, ಆಂಟೆನಾಗೆ ಕೇಬಲ್ ಸೇರುವ ಜಾಗದಲ್ಲೇ ಕೂರಿಸಿ. 7 ಮೆಗಾಹರ್ಟ್ಸ್‌ನಲ್ಲಿ ಕೆಲವು ಸಾವಿರ ಓಮ್ ತಡೆ ಸಿಗುತ್ತದೆ. 43ನೇ ನಂಬರಿನದ್ದು ನಿಕ್ಕಲ್-ಸತು ಜಾತಿ, ಅದು 25 ಮೆಗಾಹರ್ಟ್ಸ್ ಮೇಲೆ ಚೆನ್ನ. 61 ಇನ್ನೂ ಮೇಲೆ, 200 ಮೆಗಾಹರ್ಟ್ಸ್ ದಾಟಿದ ಗದ್ದಲಕ್ಕೆ. ನಿಮ್ಮ ಬ್ಯಾಂಡಿಗೆ 31.

ಈಗ ನೆರೆಮನೆ. ಪ್ಯಾನೆಲ್ಲಿನಿಂದ ಇನ್ವರ್ಟರಿಗೆ ಇಳಿಯುವ ವೈರು ಹತ್ತು ಮೀಟರ್ ಆಸುಪಾಸು ಇರುತ್ತದೆ ಅಂದುಕೊಳ್ಳಿ. 7 ಮೆಗಾಹರ್ಟ್ಸ್ ಅಲೆಯ ಕಾಲು ಭಾಗ ಹೆಚ್ಚುಕಡಿಮೆ ಅಷ್ಟೇ, ಹತ್ತೂವರೆ ಮೀಟರ್. ಅಂದರೆ ಅವರು ಗೊತ್ತಿಲ್ಲದೇ ನಿಮ್ಮ ಬ್ಯಾಂಡಿಗೆ ಸರಿಯಾದ ಆಂಟೆನಾವನ್ನೇ ಎತ್ತರದಲ್ಲಿ ಕಟ್ಟಿದ್ದಾರೆ. ಪ್ಲಸ್ ಮತ್ತು ಮೈನಸ್ ಎರಡೂ ವೈರನ್ನು ಜೊತೆಯಾಗಿ ಇನ್ವರ್ಟರಿನ ಪಕ್ಕದಲ್ಲೇ ಬಳೆಯಲ್ಲಿ ಸುತ್ತಬೇಕು. ಒಂದೇ ವೈರ್ ಸುತ್ತಿದರೆ ಡಿಸಿ ಕರೆಂಟಿಗೇ ಕೋರ್ ತುಂಬಿಹೋಗುತ್ತದೆ. ಎಸಿ ಕಡೆಗೂ ಒಂದು ಬಳೆ ಬೇಕು. ಎರಡು ವೈರು ಪ್ಯಾನೆಲ್ಲುಗಳ ನಡುವೆ ದೂರ ದೂರ ಓಡುತ್ತಿದ್ದರೆ ಜೊತೆಗೆ ತಂದು ಕಟ್ಟಿಸಿ, ಕೋರ್‌ಗಿಂತ ಅದೇ ಕೆಲವೊಮ್ಮೆ ಜಾಸ್ತಿ ಫಲ ಕೊಡುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಇದನ್ನು ನೀವೇ ಮಾಡಬೇಡಿ. ಸಾಲಾಗಿ ಜೋಡಿಸಿದ ಪ್ಯಾನೆಲ್ಲುಗಳಲ್ಲಿ ನೂರಾರು ವೋಲ್ಟ್ ಡಿಸಿ ಇರುತ್ತದೆ, ಬಿಸಿಲಿರುವಷ್ಟು ಹೊತ್ತು ಅದನ್ನು ಆಫ್ ಮಾಡುವ ಸ್ವಿಚ್ಚೇ ಇಲ್ಲ. ಹಾಕಿಕೊಟ್ಟ ಕಂಪನಿಯವರನ್ನೇ ಕರೆಸಿ, ಅವರ ಕೈಯಲ್ಲೇ ಮಾಡಿಸಿ. ಮಾಡುವ ಮೊದಲು ಮತ್ತು ಆಮೇಲೆ ಎಸ್-ಮೀಟರ್ (ರೇಡಿಯೊದಲ್ಲಿ ಸಿಗ್ನಲ್ ಬಲ ತೋರಿಸುವ ಮೀಟರ್) ಎಷ್ಟು ತೋರಿಸಿತು ಅಂತ ಬರೆದಿಡಿ. ಒಂದು ಎಸ್ ಇಳಿದರೆ 6 ಡೆಸಿಬಲ್, ಅಂದರೆ ಗದ್ದಲದ ವೋಲ್ಟೇಜ್ ಅರ್ಧ. ನಾಲ್ಕೈದು ಎಸ್ ಇಳಿಸಲು ಒಂದು ಕೋರ್ ಸಾಲುವುದಿಲ್ಲ, ಎರಡು ಮೂರು ಕಡೆ ಹಾಕಬೇಕಾಗುತ್ತದೆ. ಮೊದಲನೆಯದು ಹಾಕಿದಾಗ ವ್ಯತ್ಯಾಸ ಕಾಣದಿದ್ದರೆ ಅದನ್ನು ತೆಗೆಯಬೇಡಿ. ಗದ್ದಲಕ್ಕೆ ಎರಡು ದಾರಿ ಇದ್ದಾಗ ಒಂದನ್ನು ಮುಚ್ಚಿದರೆ ಇನ್ನೊಂದರಲ್ಲಿ ಬರುತ್ತಲೇ ಇರುತ್ತದೆ. ಎಷ್ಟೋ ಜನ 'ಕೋರ್ ಕೆಲಸಕ್ಕೆ ಬಾರದು' ಅಂತ ತೀರ್ಮಾನ ಮಾಡುವುದು ಇಲ್ಲೇ.

ಪ್ರಶ್ನೆ: ನಮ್ಮೂರ ದೇವಸ್ಥಾನದ ಮೈಕ್ ಸೆಟ್ಟಿನಲ್ಲಿ ಸದಾ ಗುಂಯ್ ಅನ್ನುತ್ತದೆ. ಭಜನೆ ಮಧ್ಯೆ ಆಗಾಗ ಟರ್ ಟರ್ ಟರ್ ಅಂತ ಬೇರೆ. ಮೈಕ್ ವೈರಿಗೆ ಫೆರೈಟ್ ಹಾಕಬಹುದೇ? (ಭಜನಾ ಮಂಡಳಿಯ ಓದುಗರು, ಉಡುಪಿ ಜಿಲ್ಲೆ)

ಎರಡು ಸದ್ದಿಗೆ ಎರಡು ಉತ್ತರ. ಗುಂಯ್ ಅನ್ನುವುದು 50 ಹರ್ಟ್ಸ್, ಅಥವಾ ಅದರ ದುಪ್ಪಟ್ಟು 100. ಅಷ್ಟು ಕೆಳಗೆ ಈ ಕೋರ್ ಇದ್ದೂ ಇಲ್ಲದಂತೆ. ಅದಕ್ಕೆ ಕಾರಣ ಸಾಮಾನ್ಯವಾಗಿ ಅರ್ತ್ ಲೂಪ್, ಅಂದರೆ ಅರ್ತಿಗೆ ಎರಡು ದಾರಿ ಆಗಿ ಅವುಗಳ ನಡುವೆ ಕರೆಂಟು ಸುತ್ತುವುದು. ಮಿಕ್ಸರ್ ಒಂದು ಬೋರ್ಡಿನಿಂದ, ಆಂಪ್ಲಿಫೈಯರ್ ಇನ್ನೊಂದು ಬೋರ್ಡಿನಿಂದ ಕರೆಂಟ್ ತೆಗೆದುಕೊಂಡಿರುತ್ತವೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ತನ್ನಿ. ಮೈಕಿಗೆ ಮೂರು ಪಿನ್ನಿನ ಬ್ಯಾಲೆನ್ಸ್ಡ್ ಕೇಬಲ್ ಹಾಕಿ. ಯಾರಾದರೂ ಅರ್ತ್ ಪಿನ್ ಕತ್ತರಿಸಿದರೆ ಸರಿಹೋಗುತ್ತದೆ ಅಂದರೆ ಕೇಳಬೇಡಿ. ಸದ್ದೇನೋ ಹೋಗಬಹುದು, ಆದರೆ ಒದ್ದೆ ಕೈಯಲ್ಲಿ ಮೈಕ್ ಹಿಡಿದವರ ಜೀವ ಹೋದೀತು. ಮಳೆಗಾಲದಲ್ಲಿ ನಿಮ್ಮ ಕಡೆ ನೆಲವೂ ಒದ್ದೆ, ಗೋಡೆಯೂ ಒದ್ದೆ.

ಟರ್ ಟರ್ ಅನ್ನುವುದು ಯಾರದೋ ಜೇಬಿನ ಮೊಬೈಲು. 2ಜಿ ಫೋನ್ ಸೆಕೆಂಡಿಗೆ 217 ಸಲ ತುಂಡು ತುಂಡಾಗಿ ಸಿಗ್ನಲ್ ಬಿಡುತ್ತದೆ, ಆ 217ರ ಲಯವೇ ಸ್ಪೀಕರಿನಲ್ಲಿ ಕೇಳುವುದು. ಇಲ್ಲಿ ಫೆರೈಟ್ ಸ್ವಲ್ಪ ಸಹಾಯ ಮಾಡುತ್ತದೆ. ಮೈಕ್ ವೈರ್ ಆಂಪ್ಲಿಫೈಯರಿಗೆ ಸೇರುವ ತುದಿಯಲ್ಲಿ ಕ್ಲಿಪ್ ಕೋರ್ ಹಾಕಿ. ಇಲ್ಲಿ ಗದ್ದಲದ ಮೂಲ ನಮ್ಮ ಕೈಯಲ್ಲಿ ಇಲ್ಲ, ಆದ್ದರಿಂದ ತೊಂದರೆ ಅನುಭವಿಸುವ ಪೆಟ್ಟಿಗೆಯ ಬಾಗಿಲಲ್ಲೇ ತಡೆಯಬೇಕು. ಫೋನುಗಳನ್ನು ಮಿಕ್ಸರಿನಿಂದ ಎರಡು ಮೀಟರ್ ದೂರ ಇಡಲು ಹೇಳುವುದು ಅದಕ್ಕಿಂತ ಸುಲಭ.

ಪ್ರಶ್ನೆ: ಐಟಿಐ ಓದುತ್ತಿದ್ದೇನೆ. ಹೊಸ ಕೋರ್ ಕೊಳ್ಳಲು ಆಗುವುದಿಲ್ಲ. ಗುಜರಿಯಿಂದ ತಂದ ಹಳೇ ಕಂಪ್ಯೂಟರ್ ಸಾಮಾನಿನಲ್ಲಿ ಸಿಗುವುದನ್ನು ಬಳಸಬಹುದೇ? (ಓದುಗರೊಬ್ಬರು, ಶಿವಮೊಗ್ಗ)

ಖಂಡಿತ. ಹಳೇ ಮಾನಿಟರಿನ ವಿಜಿಎ ಕೇಬಲ್ಲಿನ ಎರಡೂ ತುದಿಯ ಗಂಟು, ಪ್ರಿಂಟರ್ ಕೇಬಲ್ಲಿನ ಗಂಟು, ಇವು ಇದೇ ಕೆಲಸಕ್ಕೆ ಮಾಡಿದ ಒಳ್ಳೆಯ ಮಾಲು. ಪ್ಲಾಸ್ಟಿಕ್ಕನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಸುತ್ತಿಗೆಯಿಂದ ಹೊಡೆಯಬೇಡಿ. ಡಬ್ಬಾ ಟಿವಿಯ ಪಿಕ್ಚರ್ ಟ್ಯೂಬಿನ ಕುತ್ತಿಗೆಗೆ ಇರುವ ಯೋಕ್ ಕೂಡ ಫೆರೈಟೇ, ದೊಡ್ಡದು, ದಪ್ಪ ವೈರನ್ನು ಎಷ್ಟೋ ಸುತ್ತು ಸುತ್ತಬಹುದು. ಪಿಕ್ಚರ್ ಟ್ಯೂಬಿನ ಹೈ ವೋಲ್ಟೇಜ್ ಗೊತ್ತಿರುವವರು ಜೊತೆಗಿದ್ದರೆ ಮಾತ್ರ ಅದಕ್ಕೆ ಕೈ ಹಾಕಿ.

ಮೋಸ ಹೋಗುವುದು ಒಂದು ಕಡೆ. ಕಂಪ್ಯೂಟರಿಗೆ ಕರೆಂಟು ಕೊಡುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್ ಒಳಗೆ ಹಳದಿ ಬಣ್ಣದ, ಒಂದು ಬದಿ ಬಿಳಿ ಇರುವ ಬಳೆ ಇರುತ್ತದೆ. ಅದು ಫೆರೈಟ್ ಅಲ್ಲ, ಕಬ್ಬಿಣದ ಪುಡಿ ಒತ್ತಿ ಮಾಡಿದ್ದು. ನೋಡಲು ಚೆಂದ, ಈ ಕೆಲಸಕ್ಕೆ ಬಾರದು. ಅದೇ ಪೆಟ್ಟಿಗೆಯಲ್ಲಿ ಕರೆಂಟು ಒಳಗೆ ಬರುವ ಜಾಗದಲ್ಲಿ ಎರಡು ಕಾಯಿಲ್ ಎದುರುಬದುರು ಸುತ್ತಿದ ಒಂದು ಕೋರ್ ಇರುತ್ತದೆ ನೋಡಿ, ಅದು ಫೆರೈಟ್.

ಜಾತಿ ಗುರುತಿಸಲು ಮಲ್ಟಿಮೀಟರ್ ಸಾಕು. ಬಣ್ಣ ಬಳಿಯದ ಜಾಗದಲ್ಲಿ ಎರಡೂ ಪ್ರೋಬನ್ನು ಒತ್ತಿ ಹಿಡಿದು ಓಮ್ಸ್ ನೋಡಿ. ಏನಾದರೂ ರೀಡಿಂಗ್ ಬಂದರೆ ಮ್ಯಾಂಗನೀಸ್-ಸತು, ಕೆಳಗಿನ ಫ್ರೀಕ್ವೆನ್ಸಿಗೆ. ಪೂರ್ತಿ ಓಪನ್ ತೋರಿಸಿದರೆ ನಿಕ್ಕಲ್-ಸತು, ಎಫ್‌ಎಂ ಕಡೆಗೆ. ಒಡೆದ ಕೋರ್ ಎಸೆಯಬೇಡಿ, ಎರಡು ಹೋಳು ಸರಿಯಾಗಿ ಕೂಡಿಸಿ ಟೇಪ್ ಬಿಗಿದರೆ ಶಕ್ತಿ ಕಡಿಮೆಯಾದರೂ ಕೆಲಸ ಮಾಡುತ್ತದೆ. ಮುಂದೊಂದು ದಿನ ಬೆಂಗಳೂರಿಗೆ ಬಂದರೆ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರೋಡಿನಲ್ಲಿ ಅರ್ಧ ದಿನ ಸುತ್ತಿ, ಪಾಠದ ಪುಸ್ತಕದಲ್ಲಿ ಇಲ್ಲದ ಎಷ್ಟೋ ಸಾಮಾನು ಕೈಯಲ್ಲಿ ಹಿಡಿದು ನೋಡಬಹುದು.

ಪ್ರಶ್ನೆ: ಎಚ್‌ಡಿಎಂಐ ಕೇಬಲ್ಲಿಗೆ ಫೆರೈಟ್ ಇದ್ದರೆ ಚಿತ್ರ ಚೆನ್ನಾಗಿ ಬರುತ್ತದೆ ಅಂದರು. ನಿಜವೇ? ಇನ್ನೊಂದು, ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಹಾಕಿದಾಗ ನನ್ನ ವೈರ್‌ಲೆಸ್ ಮೌಸ್ ತಡವರಿಸುತ್ತದೆ, ಅದಕ್ಕೂ ಇದೇ ಮದ್ದೇ? (ಓದುಗರೊಬ್ಬರು, ಕಲಬುರಗಿ)

ಚಿತ್ರ ಚೆನ್ನಾಗುವುದಿಲ್ಲ. ಬಣ್ಣವೂ ಏರುವುದಿಲ್ಲ. ಆ ಕೇಬಲ್ಲಿನಿಂದ ಹೊರಗೆ ಸೋರುವ ಗದ್ದಲ ಪಕ್ಕದ ರೇಡಿಯೊಗೆ ಹೋಗುವುದು ಕಡಿಮೆಯಾಗಬಹುದು, ಅಷ್ಟೇ. ಜಾಸ್ತಿ ದುಡ್ಡು ಕೊಡಬೇಡಿ. ಮೌಸಿಗೂ ಇದು ಮದ್ದಲ್ಲ. ಯುಎಸ್‌ಬಿ 3 ಗದ್ದಲ 2.4 ಗಿಗಾಹರ್ಟ್ಸ್ ಸುತ್ತ ಬೀಳುತ್ತದೆ, ಮೌಸ್ ಮಾತಾಡುವುದೂ ಅಲ್ಲೇ. ಮೌಸಿನ ಸಣ್ಣ ಡಾಂಗಲ್ಲನ್ನು ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರಿನಿಂದ ಹಾರ್ಡ್ ಡಿಸ್ಕಿನಿಂದ ದೂರ ಇಡಿ, ಸರಿಹೋಗುತ್ತದೆ.

ಪ್ರಶ್ನೆ: ಕಾಫಿ ತೋಟಕ್ಕೆ ಸೋಲಾರ್ ಬೇಲಿ ಹಾಕಿದ್ದೇವೆ. ಸೆಕೆಂಡಿಗೊಂದು ಸಲ ರೇಡಿಯೊದಲ್ಲಿ ಟಕ್, ಟಕ್, ಟಕ್. ಮೊದಲು ಇರಲಿಲ್ಲ, ಮಳೆ ಶುರುವಾದ ಮೇಲೆ ಶುರುವಾಗಿದೆ. ಬೇಲಿ ಯಂತ್ರದ ವೈರಿಗೆ ಕೋರ್ ಹಾಕಿದರೆ ನಿಲ್ಲುತ್ತದೆಯೇ? (ಓದುಗರೊಬ್ಬರು, ಸಕಲೇಶಪುರ)

ಕೋರ್ ಹಾಕಬೇಡಿ. ಆ ಟಕ್ ಸದ್ದು ನಿಮಗೆ ಒಂದು ಸುದ್ದಿ ಹೇಳುತ್ತಿದೆ, ಅದನ್ನು ಕೇಳಿಸಿಕೊಳ್ಳಿ.

ಬೇಲಿ ಯಂತ್ರ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸಲ ಸಾವಿರಾರು ವೋಲ್ಟಿನ ಸಣ್ಣ ಏಟು ಬಿಡುತ್ತದೆ. ತಂತಿ ಎಲ್ಲೂ ತಾಗದೇ ಇದ್ದಾಗ ರೇಡಿಯೊಗೆ ಅಷ್ಟಾಗಿ ಕೇಳಿಸುವುದಿಲ್ಲ. ಮಳೆಗಾಲದಲ್ಲಿ ಬಳ್ಳಿ ಬೆಳೆದು ತಂತಿ ಹಿಡಿದಾಗ, ಇನ್ಸುಲೇಟರ್ ಸೀಳಿ ನೀರು ಕೂತಾಗ, ಜಾಯಿಂಟ್ ಸಡಿಲವಾದಾಗ ಅಲ್ಲಿ ಕಿಡಿ ಹಾರುತ್ತದೆ. ಕಿಡಿಯ ಗದ್ದಲ ಎಲ್ಲ ಫ್ರೀಕ್ವೆನ್ಸಿಯಲ್ಲೂ ಇರುತ್ತದೆ, ಅದೂ ಕಿಲೋಮೀಟರ್ ಉದ್ದದ ತಂತಿಯ ಮೇಲೆ. ಯಂತ್ರದ ಹತ್ತಿರ ಕೋರ್ ಹಾಕಿ ಇದನ್ನು ನಿಲ್ಲಿಸಲು ಆಗುವುದಿಲ್ಲ. ಒಂದು ವೇಳೆ ರೇಡಿಯೊ ಸದ್ದು ನಿಂತರೂ ಕಿಡಿ ಹಾರುವುದು ನಿಲ್ಲುವುದಿಲ್ಲ. ಆ ಜಾಗದಿಂದ ಮುಂದಕ್ಕೆ ಬೇಲಿಯ ಏಟು ಕಡಿಮೆಯಾಗುತ್ತಾ ಹೋಗುತ್ತದೆ, ಆನೆಗೆ ಅದು ನಿಮಗಿಂತ ಮೊದಲು ಗೊತ್ತಾಗುತ್ತದೆ.

ಸೆಲ್ಲಿನ ಸಣ್ಣ ರೇಡಿಯೊ ಒಂದನ್ನು ಮೀಡಿಯಂ ವೇವಿನಲ್ಲಿ ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ತಿರುಗಿಸಿ, ವಾಲ್ಯೂಮ್ ಸ್ವಲ್ಪ ಇಡಿ. ಬೇಲಿಯಿಂದ ಒಂದು ಮಾರು ದೂರದಲ್ಲಿ ಉದ್ದಕ್ಕೂ ನಡೆಯಿರಿ. ಟಕ್ ಸದ್ದು ಎಲ್ಲಿ ಏರಿ, ದಾಟಿದ ಮೇಲೆ ಇಳಿಯುತ್ತದೋ ಅಲ್ಲಿ ನಿಂತು ನೋಡಿ. ಹೊತ್ತು ಮುಳುಗುವ ಸಮಯದಲ್ಲಿ ಹೋದರೆ ಕೆಲವು ಕಡೆ ನೀಲಿ ಕಿಡಿ ಕಣ್ಣಿಗೇ ಕಾಣುತ್ತದೆ, ಆದರೆ ಆನೆ ಓಡಾಡುವ ಜಾಗವಾದರೆ ಬೆಳಿಗ್ಗೆಯೇ ಹೋಗಿ, ಒಬ್ಬರೇ ಹೋಗಬೇಡಿ. ಸಿಕ್ಕ ಜಾಗಕ್ಕೆಲ್ಲ ಬಟ್ಟೆ ಚೂರು ಕಟ್ಟಿ ಗುರುತು ಮಾಡಿ, ವಾಪಸ್ ಬಂದು ಯಂತ್ರ ಆಫ್ ಮಾಡಿ, ಆಮೇಲೆ ಕತ್ತಿ ತೆಗೆದುಕೊಂಡು ಹೋಗಿ ಬಳ್ಳಿ ಸವರಿ. ಒಡೆದ ಇನ್ಸುಲೇಟರ್ ಬದಲಿಸಿ, ಜಾಯಿಂಟನ್ನು ಬಿಗಿಯಾಗಿ ಸುತ್ತಿ. ಮತ್ತೆ ಯಂತ್ರ ಹಾಕಿ ರೇಡಿಯೊ ಕೇಳಿ. ಇನ್ನೂ ಟಕ್ ಇದ್ದರೆ ಇನ್ನೊಂದು ಜಾಗ ಉಳಿದಿದೆ.